ಬೊಳ್ಳಪದವು ಕಾಲೇಜಿನ ಭೂಕಂಪ

2005ರ ಫೆಬ್ರವರಿ ಹದಿನೇಳನೇ ತಾರೀಕು, ಗುರುವಾರ, ಬೆಳಿಗ್ಗೆ ಹತ್ತೂವರೆ ಗಂಟೆಗೆ ಬೊಳ್ಳಪದವು ಕಾಲೇಜಿನಲ್ಲಿ ಭೂಕಂಪವಾಯಿತು. ಅದು ಆಗಲಿಕ್ಕಿದೆ ಎಂದು ಹದಿನೈದು ದಿನ ಮೊದಲೇ ನೋಟಿಸ್ ಬೋರ್ಡಿನಲ್ಲಿ ಹಾಕಿದ್ದರು. ಮಧ್ಯಾಹ್ನದ ಊಟದ ಬಿಡುವಿನೊಳಗೆ ಮುಗಿಯಬೇಕೆಂದೂ ಅದರಲ್ಲಿ ಬರೆದಿತ್ತು. ಇಷ್ಟು ಶಿಸ್ತಿನ ಭೂಕಂಪ ಅದುವರೆಗೆ ಎಲ್ಲಿಯೂ ಆದದ್ದಿಲ್ಲ. ಆದರೂ ಅದು ಎಬ್ಬಿಸಿದ ಧೂಳು ಅಡಗಲು ಬಹಳ ದಿನ ಹಿಡಿಯಿತು. ಅದಕ್ಕೆ ಕಾರಣ ಭೂಮಿಯಲ್ಲ, ಕಾಲೇಜು ಆಫೀಸಿನ ಗುಮಾಸ್ತ ಸುಧಾಕರ.

ಹಿಂದಿನ ಡಿಸೆಂಬರಿನಲ್ಲಿ ಸುನಾಮಿ ಬಂದು ಹೋದ ಮೇಲೆ ಎಲ್ಲ ಕಡೆಯೂ ಒಂದು ಹೆದರಿಕೆ ಹುಟ್ಟಿತ್ತು. ಕಾಲೇಜುಗಳಿಗೆ ಸುತ್ತೋಲೆ ಬಂತು. ಪ್ರತಿ ಕಾಲೇಜೂ ಒಂದು ದಿನ ಭೂಕಂಪವಾಗಿದೆ ಎಂದು ಭಾವಿಸಿಕೊಳ್ಳಬೇಕು, ಮಕ್ಕಳನ್ನು ಮೈದಾನಕ್ಕೆ ತರಬೇಕು, ಒಬ್ಬ ಸಿಬ್ಬಂದಿ ಎಲ್ಲ ಕಟ್ಟಡ, ನೀರು, ಕರೆಂಟು, ಗ್ಯಾಸುಗಳನ್ನು ನೋಡಿ ಎಲ್ಲೆಲ್ಲಿ ಎಷ್ಟೆಷ್ಟು ಹಾನಿ ಎಂದು ವರದಿ ಬರೆಯಬೇಕು. ಹಾನಿ ಇರುವಲ್ಲಿ ಕೆಂಪು ಚೀಟಿ, ಇಲ್ಲದಲ್ಲಿ ಹಸಿರು ಚೀಟಿ ಅಂಟಿಸಬೇಕು. ಇಲ್ಲದ ಹಾನಿಯನ್ನು ನೋಡುವುದು ಹೇಗೆ ಎಂಬುದಕ್ಕೂ ಸುತ್ತೋಲೆಯಲ್ಲಿ ದಾರಿ ಇತ್ತು. ಪ್ರಾಂಶುಪಾಲರು ಪ್ರತಿ ಕಟ್ಟಡದ ಹಾನಿಯನ್ನು ಮೊದಲೇ ಯೋಚಿಸಿ ಬರೆದು ಲಕೋಟೆಯಲ್ಲಿ ಹಾಕಿ ಬಾಗಿಲಿಗೆ ಅಂಟಿಸಬೇಕು. ಇದಕ್ಕೆ ಸುತ್ತೋಲೆಯಲ್ಲಿ ಇಟ್ಟ ಹೆಸರು 'ಅಣಕು ಕಾರ್ಯಾಚರಣೆ'.

ಪ್ರಿನ್ಸಿಪಾಲ್ ನೂರಿತ್ತಾಯರು ಸಿಬ್ಬಂದಿ ಸಭೆ ಕರೆದು ಹಾನಿ ನೋಡುವವರು ಯಾರು ಎಂದು ಕೇಳಿದರು. ಅಧ್ಯಾಪಕರೆಲ್ಲ ಅವರವರ ಚಪ್ಪಲಿ ನೋಡಿಕೊಂಡರು. ಮೂಲೆಯಲ್ಲಿ ನಡಾವಳಿ ಬರೆಯುತ್ತಿದ್ದ ಸುಧಾಕರ ಒಬ್ಬನೇ ತಲೆ ಎತ್ತಿದ.

"ನೀವು ಆಗಬಹುದು," ಎಂದರು ಪ್ರಿನ್ಸಿಪಾಲರು. "ನಿಮಗೆ ಕಟ್ಟಡದ ವಿಷಯ ಗೊತ್ತುಂಟಲ್ಲ."

ಸುಧಾಕರ ಇಪ್ಪತ್ತೈದು ವರ್ಷದ ಹಿಂದೆ ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಓದಲು ಸೇರಿ ಒಂದು ವರ್ಷಕ್ಕೆ ಬಿಟ್ಟವನು. ಆ ಒಂದು ವರ್ಷದ ವಿದ್ಯೆಯನ್ನು ಅವನು ಬಹಳ ಜೋಪಾನವಾಗಿ ಬಳಸುತ್ತಿದ್ದ. ಅವನ ಮನೆ ಇದ್ದ ಮಡಂತ್ಯಾರು ಪೇಟೆಯಲ್ಲಿ ಯಾರೇ ಮನೆ ಕಟ್ಟಿಸಲಿ, ಸಂಜೆ ಅಲ್ಲಿ ಹೋಗಿ ನಿಂತು, ಕಂಬವನ್ನು ಬೆರಳಲ್ಲಿ ತಟ್ಟಿ, "ಹ್ಞೂಂ" ಎನ್ನುತ್ತಿದ್ದ. ಆ 'ಹ್ಞೂಂ' ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯದೆ ಮನೆಯವರಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅವನ ಇನ್ನೊಂದು ಹೆಮ್ಮೆ ಕಾಗದ ಬರೆಯುವುದು. ಮೂರು ಸಾಲಿನ ರಜಾ ಅರ್ಜಿಗೂ ಕೆಳಗೆ 'ಪ್ರತಿಗಳು' ಎಂದು ಬರೆದು ಐದು ಕಡೆಗೆ ಕಳಿಸಿದರೆ ಮಾತ್ರ ಅವನಿಗೆ ಕಾಗದ ಬರೆದ ಸಮಾಧಾನ.

ಆ ಸಂಜೆ ಅವನು ಮನೆಗೆ ಬಂದವನೇ ಹೆಂಡತಿ ಪ್ರಫುಲ್ಲಾಳಿಗೆ ಸುದ್ದಿ ಹೇಳಿದ. "ನನ್ನನ್ನು ಹಾನಿ ಪರಿಶೀಲನಾಧಿಕಾರಿ ಮಾಡಿದ್ದಾರೆ."

"ಸಂಬಳ ಹೆಚ್ಚುಂಟಾ?"

"ಇದು ಸಂಬಳದ ವಿಷಯ ಅಲ್ಲ. ಜವಾಬ್ದಾರಿ."

"ಹಾಗಾದ್ರೆ ಮೊದಲು ಬಚ್ಚಲಿನ ನಳ್ಳಿ ನೋಡಿ. ಒಂದು ತಿಂಗಳಿಂದ ಸೋರ್ತಾ ಉಂಟು."

ಬೇಲಿಯಾಚೆಯಿಂದ ಕೇಳಿಸಿಕೊಂಡ ನೆರೆಮನೆಯ ಕಾವೇರಮ್ಮ, "ಸುಧಾಕರ, ನಮ್ಮ ಕೊಟ್ಟಿಗೆಯ ಗೋಡೆಯನ್ನೂ ಒಮ್ಮೆ ನೋಡಿ ಹೋಗು," ಎಂದರು. ಅದು ಖಾಸಗಿ ಆಸ್ತಿ, ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ಸುಧಾಕರ ವಿನಯದಿಂದ ತಿಳಿಸಿದ. ಕಾವೇರಮ್ಮನಿಗೆ ವ್ಯಾಪ್ತಿ ಎಂದರೇನೆಂದು ಗೊತ್ತಿರಲಿಲ್ಲ. ಆದರೆ ಅದು ಬಹಳ ದೊಡ್ಡದು ಎಂದು ಮಾತ್ರ ಅರ್ಥವಾಯಿತು.

ಹದಿನೇಳನೇ ತಾರೀಕು ಹತ್ತೂವರೆಗೆ ಕಾಲೇಜು ಗುಡಿಸುವ ಸೇಸಮ್ಮ ಉದ್ದ ಗಂಟೆ ಹೊಡೆದಳು. ನಾನೂರು ಮಕ್ಕಳು ಬಹಳ ಉತ್ಸಾಹದಿಂದ ಭೂಕಂಪಕ್ಕೆ ಸಿಲುಕಿ ಮೈದಾನದ ಗೇರುಮರದ ನೆರಳಿಗೆ ಬಂದು ಕುಳಿತರು. ಸುಧಾಕರ ತಲೆಗೆ ಮೋಟಾರ್ ಸೈಕಲಿನ ಹೆಲ್ಮೆಟ್ ಹಾಕಿ, ಎದೆಗೆ ಬಿಲ್ಲೆ ಚುಚ್ಚಿ, ಕೈಯಲ್ಲಿ ಅಳತೆಯ ಟೇಪು ಹಿಡಿದು ಹೊರಟ.

ಮೊದಲು ಗ್ರಂಥಾಲಯ. ಬಾಗಿಲಿನ ಲಕೋಟೆಯಲ್ಲಿ 'ಗೋಡೆಯಲ್ಲಿ ಬಿರುಕು' ಎಂದಷ್ಟೇ ಇತ್ತು. ಪ್ರಿನ್ಸಿಪಾಲರು ಅವಸರದಲ್ಲಿ ಬರೆದದ್ದು. ಇದು ಸುಧಾಕರನಿಗೆ ಸಾಲಲಿಲ್ಲ. ಗ್ರಂಥಾಲಯಕ್ಕೂ ಪ್ರಿನ್ಸಿಪಾಲರ ಕೋಣೆಗೂ ನಡುವೆ ಇದ್ದ ಮುರಕಲ್ಲಿನ ಗೋಡೆಗೆ ಅವನು ಟೇಪು ಹಿಡಿದ. ಗೋಡೆ ನುಣ್ಣಗೆ ಇತ್ತು. ಆದರೂ ಅಳೆದು, 'ಅಗಲ ಎರಡು ಇಂಚು, ಉದ್ದ ಒಂಬತ್ತು ಅಡಿ' ಎಂದು ಬರೆದುಕೊಂಡ.

"ಎಂತ ಅಳೆಯುದು ನೀವು?" ಎಂದು ಗ್ರಂಥಪಾಲಕಿ ಕಾಂತಿ ಕೇಳಿದಳು.

"ಬಿರುಕು."

"ಎಲ್ಲಿ ಉಂಟು?"

"ನೀವು ಅದರ ಮೇಲೆಯೇ ಒರಗಿದ್ದೀರಿ."

ಕಾಂತಿ ಸರಕ್ಕನೆ ಸರಿದು ನಿಂತು, ಗೋಡೆಯನ್ನೂ ಸುಧಾಕರನನ್ನೂ ನೋಡಿ, ಚೀಲ ತೆಗೆದುಕೊಂಡು ಹೊರಗೆ ಹೋದಳು. ಬಾಗಿಲಿಗೆ ಕೆಂಪು ಚೀಟಿ ಬಿತ್ತು.

ಅಲ್ಲಿಂದ ಕ್ಯಾಂಟೀನು. ಅದನ್ನು ನಡೆಸುತ್ತಿದ್ದವರು ಉಮ್ಮರ್, ಎಲ್ಲರ ಬಾಯಲ್ಲಿ ಉಮ್ಮರಾಕ. ಅವರು ಬಾಣಲೆಯ ಮುಂದೆ ಇದ್ದರು. ಅವರ ತಾಯಿ ನಫೀಸಮ್ಮ ಒಳಗೆ ಮಣೆಯ ಮೇಲೆ ಕುಳಿತು ನೀರುಳ್ಳಿ ಸುಲಿಯುತ್ತಿದ್ದರು.

"ಅದರಲ್ಲಿ ಎಂತ ಬರೆದುಂಟು ಸುಧಾಕರಣ್ಣ?"

ಸುಧಾಕರ ಲಕೋಟೆ ಒಡೆದು ಓದಿದ. "ಗ್ಯಾಸ್ ಸೋರ್ತಾ ಉಂಟು."

ಉಮ್ಮರಾಕ ಸಿಲಿಂಡರಿನ ಹತ್ತಿರ ಹೋಗಿ ಮೂಸಿ ಬಂದರು. "ವಾಸನೆ ಇಲ್ಲವಲ್ಲ."

"ಉಂಟು ಅಂತ ತಿಳ್ಕೊಳ್ಳಿ."

"ತಿಳ್ಕೊಂಡೆ. ಗೋಳಿಬಜೆ ಎಣ್ಣೆಯಲ್ಲಿ ಉಂಟು. ಅದನ್ನು ತೆಗೆದು ಹೊರಗೆ ಬರ್ತೇನೆ."

"ಭೂಕಂಪದಲ್ಲಿ ಗೋಳಿಬಜೆ ತೆಗೀಲಿಕ್ಕೆ ಸಮಯ ಇರುದಿಲ್ಲ."

"ನಿಮ್ಮ ಗ್ಯಾಸ್ ಸೋರುದು ತಿಳ್ಕೊಳ್ಳುದರಲ್ಲಿ ಮಾತ್ರ. ನನ್ನ ಗೋಳಿಬಜೆ ನಿಜವಾಗಿಯೇ ಕರಟ್ತದೆ ಮಾರಾಯ್ರೆ."

ನಿಯಮ ನಿಯಮವೇ. ಗೋಳಿಬಜೆ ಕರಟಿತು. ಆದರೆ ನಫೀಸಮ್ಮ ಮಣೆಯಿಂದ ಏಳಲಿಲ್ಲ. "ನನ್ನ ಮಂಡಿಗೆ ಆಗುದಿಲ್ಲ ಮಗಾ. ನಾನು ಒಳಗೆ ಸಿಕ್ಕಿಬಿದ್ದಿದ್ದೇನೆ ಅಂತ ಬರ್ಕೋ," ಎಂದರು. ಸುಧಾಕರ ಬರೆದುಕೊಂಡ. ಕ್ಯಾಂಟೀನಿಗೂ ಕೆಂಪು ಚೀಟಿ. ಕರೆಂಟಿನ ಮುಖ್ಯ ಬೋರ್ಡಿಗೂ ಕೆಂಪು.

ಒಂದು ಗಂಟೆಗೆ ಭೂಕಂಪ ಮುಗಿಯಿತು. ಮಕ್ಕಳು ಊಟಕ್ಕೆ ಹೋದರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸುಧಾಕರ ಮಧ್ಯಾಹ್ನ ವರದಿ ಬರೆಯಲು ಕುಳಿತ. ಬರೆದು ಮುಗಿಸಿ ಓದಿದಾಗ ಒಂದು ಶಬ್ದ ಅವನ ಕಣ್ಣಿಗೆ ಕಸದ ಹಾಗೆ ಚುಚ್ಚಿತು. ಅಣಕು. 'ಅಣಕು ಭೂಕಂಪದಿಂದ', 'ಅಣಕು ಹಾನಿ', 'ಅಣಕು ಸೋರಿಕೆ'. ಮನೆಯಲ್ಲಿ ಅವನ ಮಗಳು ಪ್ರಾಪ್ತಿ ಅವನು ನಡೆಯುವ ಹಾಗೆ ನಡೆದು ತೋರಿಸುವುದಕ್ಕೆ ಪ್ರಫುಲ್ಲಾ 'ಅಪ್ಪನನ್ನು ಅಣಕಿಸಬೇಡ' ಎನ್ನುತ್ತಿದ್ದಳು. ಸರಕಾರಕ್ಕೆ ಬರೆಯುವ ಕಾಗದದಲ್ಲಿ ಅಣಕಿಸುವುದೇ? ಸುತ್ತೋಲೆ ಬರೆದವನಿಗೆ ಕನ್ನಡ ಬಾರದು ಎಂದು ಸುಧಾಕರ ತೀರ್ಮಾನಿಸಿದ. ಕೆಂಪು ಶಾಯಿ ತೆಗೆದು ಆ ಶಬ್ದವನ್ನು ಹನ್ನೊಂದು ಕಡೆ ಹೊಡೆದು ಹಾಕಿ ಟೈಪಿಗೆ ಕೊಟ್ಟ. ವರದಿ ಈಗ ಗಂಭೀರವಾಗಿ ಓದಿಸಿಕೊಂಡಿತು:

'ದಿನಾಂಕ 17ರಂದು ಸಂಭವಿಸಿದ ಭೂಕಂಪದಿಂದ ಗ್ರಂಥಾಲಯದ ಗೋಡೆಯಲ್ಲಿ ಎರಡು ಇಂಚು ಅಗಲ ಹಾಗೂ ಒಂಬತ್ತು ಅಡಿ ಉದ್ದದ ಬಿರುಕು ಉಂಟಾಗಿದ್ದು, ಅದರ ಮೂಲಕ ಪ್ರಾಂಶುಪಾಲರ ಕೊಠಡಿಯ ಬೆಳಕು ಕಾಣುತ್ತಿದೆ. ಕ್ಯಾಂಟೀನಿನಲ್ಲಿ ಅನಿಲ ಸೋರುತ್ತಿದೆ. ನಫೀಸಮ್ಮ ಎಂಬ ವೃದ್ಧೆ ಒಳಗೆ ಸಿಲುಕಿಕೊಂಡಿದ್ದಾರೆ. ವಿದ್ಯುತ್ ಸಂಪರ್ಕವನ್ನು ಕೂಡಲೇ ಕಡಿತಗೊಳಿಸುವುದು ಕ್ಷೇಮ.'

ಬೆಳಕು ಕಾಣುವ ವಿಷಯ ಲಕೋಟೆಯಲ್ಲಿ ಇರಲಿಲ್ಲ. ಬರೆಯುವ ಉಮೇದಿನಲ್ಲಿ ಬಂದದ್ದು.

ಪ್ರಿನ್ಸಿಪಾಲ್ ನೂರಿತ್ತಾಯರು ಮದುವೆಯೊಂದಕ್ಕೆ ಹೊರಟಿದ್ದರು. ಕಾರಿನ ಬಾನೆಟ್ಟಿನ ಮೇಲೆ ಇಟ್ಟು, ಓದದೆ ಸಹಿ ಹಾಕಿದರು. ಸುತ್ತೋಲೆಯ ಪ್ರಕಾರ ವರದಿ ಹೋಗಬೇಕಾದದ್ದು ಒಂದು ಕಡೆಗೆ. ಸುಧಾಕರ ಏಳು ಕಡೆಗೆ ಪ್ರತಿ ಕಳಿಸಿದ. ಕರೆಂಟಿನ ಕಚೇರಿ, ಗ್ಯಾಸ್ ಏಜೆನ್ಸಿ, ಸರಕಾರಿ ಇಂಜಿನಿಯರರು, ಪಂಚಾಯತು, ವಿಶ್ವವಿದ್ಯಾನಿಲಯದ ಪರೀಕ್ಷಾ ವಿಭಾಗ ಎಲ್ಲವೂ ಅದರಲ್ಲಿ ಇದ್ದವು.

ಸೋಮವಾರ ಬೆಳಿಗ್ಗೆ ಲೈನ್‌ಮನ್ ಏಣಿ ತಂದು ಕಂಬ ಹತ್ತಿ ಕಾಲೇಜಿನ ತಂತಿ ಬಿಡಿಸಿದ. ಹತ್ತು ಗಂಟೆಗೆ ಗ್ಯಾಸ್ ಏಜೆನ್ಸಿಯವರು ಬಂದು ಉಮ್ಮರಾಕನ ಎರಡೂ ಸಿಲಿಂಡರನ್ನು ಮಗುವನ್ನು ಎತ್ತುವ ಹಾಗೆ ಎತ್ತಿಕೊಂಡು ಹೋದರು. ಸುಧಾಕರ ಓಡಿ ಹೋಗಿ ಲೈನ್‌ಮನ್‌ನನ್ನು ಕೇಳಿದ.

"ಯಾಕೆ ತೆಗೆದದ್ದು?"

"ನೀವೇ ಬರೆದದ್ದಲ್ಲ, ಕೂಡಲೇ ಕಡಿಬೇಕು ಅಂತ? ಶನಿವಾರವೇ ಬರ್ತಿದ್ದೆ. ಏಣಿ ಇರಲಿಲ್ಲ."

"ಅದು ಸುಮ್ಮನೆ ಬರೆದದ್ದು."

"ಹಾಗಾದ್ರೆ ಸುಮ್ಮನೆ ಬರೆದದ್ದು ಅಂತ ಬರ್ದು ಕೊಡಿ. ಇಲ್ಲದಿದ್ರೆ ಇಂಜಿನಿಯರರಿಂದ ಕಟ್ಟಡ ಸರಿ ಉಂಟು ಅಂತ ಸರ್ಟಿಫಿಕೇಟ್ ತನ್ನಿ. ಎರಡರಲ್ಲಿ ಒಂದು."

ಮಧ್ಯಾಹ್ನ ಉಮ್ಮರಾಕನ ತಮ್ಮ ಮುನವ್ವರ್ ದಮ್ಮಾಮಿನಿಂದ ಆಫೀಸಿಗೆ ಫೋನು ಮಾಡಿದ. ಪಂಚಾಯತಿನಲ್ಲಿ ವರದಿ ಓದಿದ ಯಾರೋ ಯಾರಿಗೋ ಹೇಳಿ, ಆ ಸುದ್ದಿ ಮೆಲ್ಕಾರಿನ ಒಂದು ಅಂಗಡಿಯಿಂದ ಸೌದಿಗೆ ಹಾರಿತ್ತು. ಅವನು ಅಳುತ್ತಿದ್ದ. ತಾಯಿಗೆ ಏನೂ ಆಗಿಲ್ಲ ಎಂದು ಉಮ್ಮರಾಕ ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ನಫೀಸಮ್ಮನನ್ನೇ ಕುರ್ಚಿಯಲ್ಲಿ ಹೊತ್ತು ತಂದು ಫೋನು ಕೊಟ್ಟರು.

"ನಾನು ಸಿಕ್ಕಿಬಿದ್ದದ್ದು ಹೌದು," ಎಂದರು ನಫೀಸಮ್ಮ. "ಆದರೆ ಮಧ್ಯಾಹ್ನ ಊಟಕ್ಕೆ ಬಂದೆ."

ಮುನವ್ವರ್ ಇನ್ನಷ್ಟು ಅತ್ತ.

ಸಂಜೆ ಸುಧಾಕರ ಮನೆಗೆ ಹೋದರೆ ಜಗಲಿಯ ತುಂಬ ಚಪ್ಪಲಿ. ಭೂಕಂಪದ ಸುದ್ದಿ ಕೇಳಿ ಪ್ರಫುಲ್ಲಾಳ ಅಣ್ಣ ದೇಜಪ್ಪ ನೆರಿಯದಿಂದ ಜೀಪು ಮಾಡಿಕೊಂಡು ಎರಡು ಗೊನೆ ಸೀಯಾಳ ತಂದಿದ್ದ. ಭಾವನನ್ನು ತಲೆಯಿಂದ ಕಾಲಿನ ತನಕ ನೋಡಿದ. ಎಲ್ಲಿಯೂ ಪಟ್ಟಿ ಕಟ್ಟಿರಲಿಲ್ಲ. ದೇಜಪ್ಪನ ಮುಖದಲ್ಲಿ ಸ್ವಲ್ಪ ನಿರಾಸೆ ಕಾಣಿಸಿತು.

"ಪೆಟ್ಟು ಎಲ್ಲಿಗೆ ಭಾವ?"

"ಪೆಟ್ಟು ಎಂತದ್ದೂ ಇಲ್ಲ. ಭೂಕಂಪ ಆದದ್ದೇ ಇಲ್ಲ."

ದೇಜಪ್ಪ ತಂಗಿಯ ಕಡೆ ತಿರುಗಿ ದನಿ ತಗ್ಗಿಸಿದ. "ತಲೆಗೆ ಬಿದ್ದದ್ದು. ಒಳಗಿನ ಪೆಟ್ಟು ಹೊರಗೆ ಕಾಣುದಿಲ್ಲ."

ಅಷ್ಟರಲ್ಲಿ ಕಾವೇರಮ್ಮ ಬಂದು ಸಾಕ್ಷಿ ಹೇಳಿದರು. "ಆಗದೆ ಇರುದು ಹೇಗೆ? ಗುರುವಾರ ಹತ್ತೂವರೆಗೆ ನಮ್ಮ ಅಟ್ಟದ ಹಂಡೆ ದಡದಡ ಅಂದದ್ದು ನಾನೇ ಕೇಳಿದ್ದೇನೆ. ಕೊಟ್ಟಿಗೆಯ ಗೋಡೆ ನೋಡು ಅಂತ ಅವತ್ತೇ ಹೇಳಿದ್ದೆ, ಇವನು ಕೇಳಲಿಲ್ಲ." ಹಾಗೆ ನೋಡಿದರೆ ಮಡಂತ್ಯಾರಿನಲ್ಲಿ ಆ ವಾರದೊಳಗೆ ಭೂಕಂಪವನ್ನು ಅನುಭವಿಸದವರು ಯಾರೂ ಉಳಿಯಲಿಲ್ಲ. ಒಬ್ಬರ ಹಲ್ಲುಸೆಟ್ಟು ಲೋಟದಲ್ಲಿ ಕುಣಿದಿತ್ತು. ಇನ್ನೊಬ್ಬರ ಎಮ್ಮೆ ಹಿಂದಿನ ದಿನವೇ ಸೂಚನೆ ಕೊಟ್ಟಿತ್ತು.

ಬುಧವಾರ ವಿಶ್ವವಿದ್ಯಾನಿಲಯದಿಂದ ಕಾಗದ ಬಂತು. ಕಟ್ಟಡಗಳು ಅಪಾಯದಲ್ಲಿರುವುದರಿಂದ ಏಪ್ರಿಲ್ ಪರೀಕ್ಷೆಯ ಕೇಂದ್ರವನ್ನು ಬೇರೆ ಊರಿಗೆ ಬದಲಿಸಲಾಗುವುದು. ಎಂಟು ದಿನದೊಳಗೆ ಇಂಜಿನಿಯರರ ಪ್ರಮಾಣಪತ್ರ ಬಂದರೆ ಮಾತ್ರ ಮರುಪರಿಶೀಲನೆ. ಪ್ರಿನ್ಸಿಪಾಲರು ಕಾಗದವನ್ನು ಮೇಜಿನ ಮೇಲೆ ಇಟ್ಟರು. ಫ್ಯಾನು ತಿರುಗದೆ ಅವರ ಅಂಗಿ ಬೆನ್ನಿಗೆ ಅಂಟಿತ್ತು.

"ನೆರಿಯದ ಮಕ್ಕಳು ಈಗಲೇ ಎರಡು ಬಸ್ಸು ಹತ್ತಿ ಬರುದು. ಇನ್ನು ಬೇರೆ ಊರಿಗೆ ಅಂದ್ರೆ ಅವರಲ್ಲಿ ಅರ್ಧದಷ್ಟು ಪರೀಕ್ಷೆಗೇ ಬರ್ಲಿಕ್ಕಿಲ್ಲ. ಗೊತ್ತುಂಟಾ ನಿಮಗೆ?"

ಸುಧಾಕರನಿಗೆ ಗೊತ್ತಿತ್ತು. ಹಾಜರಿ ಪಟ್ಟಿ ಬರೆಯುವವನೇ ಅವನು. "ಸರ್, ಅಣಕು ಅನ್ನುವ ಶಬ್ದ ಕಡಿದದ್ದು ನಾನು ಅಂತ ಬರ್ದು ಕೊಡ್ತೇನೆ," ಎಂದ.

"ಬರೆದರೆ ಎಂತ ಆಗ್ತದೆ? ಆಗದ ಭೂಕಂಪದ ವರದಿಗೆ ನಾನು ಸಹಿ ಹಾಕಿದ್ದೇನೆ. ಓದದೆ ಹಾಕಿದ್ದು ಅಂತ ಹೇಳ್ಲಿಕ್ಕೆ ಆಗ್ತದಾ ನನಗೆ? ಅದೆಲ್ಲ ಬೇಡ. ಬಿರುಕು ಇತ್ತು, ರಿಪೇರಿ ಆಯ್ತು ಅಂತ ಹೇಳಿ ಸರ್ಟಿಫಿಕೇಟ್ ತನ್ನಿ. ಅಷ್ಟೇ."

ಗುರುವಾರ ಸುಧಾಕರ ಇಂಜಿನಿಯರರ ಕಚೇರಿಗೆ ಹೋದ. ಮೀಸೆ ಬಿಟ್ಟ ದೊಡ್ಡ ಮನುಷ್ಯನೊಬ್ಬನನ್ನು ಅವನು ನಿರೀಕ್ಷಿಸಿದ್ದ. ಮೇಜಿನ ಹಿಂದೆ ಇದ್ದದ್ದು ಇಪ್ಪತ್ತೆಂಟು ವರ್ಷದ ಸಾಲಿಹಾ ಮೇಡಂ, ಪಾಣೆಮಂಗಳೂರಿನವರು. ಅವನ ವರದಿ ಅವರ ಮುಂದೆಯೇ ಇತ್ತು, ಕೆಲವು ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿತ್ತು.

"ಬಿರುಕು ಈಗ ಹೇಗುಂಟು?"

"ಈಗ ಇಲ್ಲ ಮೇಡಂ."

"ಎಲ್ಲಿಗೆ ಹೋಯ್ತು?"

"ರಿಪೇರಿ ಆಯ್ತು."

"ಒಂಬತ್ತು ಅಡಿ ಬಿರುಕು ಒಂದು ವಾರದಲ್ಲಿ?"

"ಒಳ್ಳೆ ಮೇಸ್ತ್ರಿ, ಮೇಡಂ."

ಸಾಲಿಹಾ ಪೆನ್ಸಿಲನ್ನು ಕೆಳಗಿಟ್ಟರು. "ನನಗೆ ಹೇಳ್ಲಿಕ್ಕೆ ಬೇರೆ ಎಂತಾದ್ರೂ ಉಂಟಾ ನಿಮಗೆ?"

ಇತ್ತು. ಪ್ರಿನ್ಸಿಪಾಲರ ಮುಖ ನೆನಪಾಗಿ ಸುಧಾಕರ ಅದನ್ನು ನುಂಗಿಕೊಂಡ. "ಇಲ್ಲ ಮೇಡಂ."

"ಸರಿ. ಶನಿವಾರ ಹನ್ನೊಂದು ಗಂಟೆಗೆ ಬಂದು ರಿಪೇರಿ ನೋಡ್ತೇನೆ."

ಹೀಗೆ ಇಲ್ಲದ ಬಿರುಕಿಗೆ ರಿಪೇರಿ ಮಾಡಿಸುವ ಅಗತ್ಯ ಬಂದೊದಗಿತು. ಉಪಾಯ ಹೇಳಿದವರು ಉಮ್ಮರಾಕ. ಕ್ಯಾಂಟೀನು ಮುಚ್ಚಿ ಅವರಿಗೆ ಯೋಚನೆ ಮಾಡಲು ಬೇಕಾದಷ್ಟು ಸಮಯವಿತ್ತು. "ಗೋಡೆಗೆ ಒಂಬತ್ತು ಅಡಿ ಉದ್ದಕ್ಕೆ ಸಿಮೆಂಟಿನ ಒಂದು ಗೆರೆ ಎಳೆಸುವ. ಅದರ ಅಡಿಯಲ್ಲಿ ಬಿರುಕು ಉಂಟಾ ಇಲ್ವಾ ಅಂತ ಯಾರಿಗೆ ಕಾಣ್ತದೆ?"

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಮೇಸ್ತ್ರಿ ಬಂದ. ಪ್ರಿನ್ಸಿಪಾಲರು ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಏನೂ ಗೊತ್ತಿಲ್ಲದವರ ಹಾಗೆ ಪತ್ರಿಕೆ ಓದುತ್ತಿದ್ದರು. ಮೇಸ್ತ್ರಿ ಗೋಡೆಯ ಮೇಲೆ ಕೈಯಾಡಿಸಿದ.

"ಬಿರುಕು ಎಲ್ಲಿ ಉಂಟು?"

"ಬಿರುಕು ಇಲ್ಲ. ರಿಪೇರಿ ಮಾತ್ರ ಮಾಡ್ಬೇಕು," ಎಂದ ಸುಧಾಕರ.

ಮೇಸ್ತ್ರಿ ಮೂವತ್ತು ವರ್ಷದಿಂದ ಗೋಡೆಯ ಕೆಲಸ ಮಾಡಿದವನು. ಮನೆ ಕಟ್ಟಿಸುವವರ ಎಷ್ಟೋ ಹುಚ್ಚು ನೋಡಿದ್ದ. ಇದನ್ನು ನೋಡಿರಲಿಲ್ಲ. "ನುಣ್ಣಗಿನ ಗೋಡೆಗೆ ಸಿಮೆಂಟ್ ಹಿಡಿಯುದಿಲ್ಲ. ಸ್ವಲ್ಪ ಕೆತ್ತಬೇಕು," ಎಂದ.

"ಸ್ವಲ್ಪ ಕೆತ್ತಿ. ಮೆಲ್ಲಗೆ."

ಆ ಗೋಡೆ ಅರುವತ್ತು ವರ್ಷ ಹಳೆಯದು. ಹೊರಗಿನಿಂದ ಸುಣ್ಣ, ಒಳಗೆ ಕೆಂಪು ಮುರಕಲ್ಲು, ಕಲ್ಲಿನ ನಡುವೆ ಬರಿಯ ಮಣ್ಣು. ಆ ಮಣ್ಣು ಎಂದೋ ಒಣಗಿ ಪುಡಿಯಾಗಿತ್ತು. ಮೇಸ್ತ್ರಿ ಉಳಿ ಇಟ್ಟು ನಾಲ್ಕು ಪೆಟ್ಟು ಹಾಕಿದ. ಐದನೆಯ ಪೆಟ್ಟಿಗೆ ಒಂದು ಕಲ್ಲು ಹಿಂದಕ್ಕೆ ಸರಿಯಿತು. ಅದರ ಹಿಂದೆ ಅದರ ಮೇಲಿನದು. ಆಮೇಲೆ ಯಾರೂ ಏನೂ ಮಾಡುವ ಹಾಗಿರಲಿಲ್ಲ. ಎಂಟು ಹತ್ತು ಕಲ್ಲು ಒಂದರ ಹಿಂದೆ ಒಂದು, ಬಸ್ಸು ಇಳಿಯುವ ಜನರ ಹಾಗೆ ಅವಸರವಿಲ್ಲದೆ, ಆಚೆಗೂ ಈಚೆಗೂ ಬಿದ್ದವು.

ಕೆಂಪು ಧೂಳು ಇಳಿದಾಗ ಗೋಡೆಯಲ್ಲಿ ಎರಡು ಅಡಿಯ ತೂತು ಇತ್ತು. ತೂತಿನ ಆಚೆ ಪ್ರಿನ್ಸಿಪಾಲ್ ನೂರಿತ್ತಾಯರು ಪತ್ರಿಕೆ ಹಿಡಿದುಕೊಂಡೇ ಇದ್ದರು. ಪತ್ರಿಕೆಯ ಮೇಲೆ, ತಲೆಯ ಮೇಲೆ, ಕನ್ನಡಕದ ಮೇಲೆ ಧೂಳು. ಈಚೆಯಿಂದ ಕಾಂತಿ ಇಣುಕಿ, "ನಮಸ್ಕಾರ ಸರ್," ಎಂದಳು.

"ಇದು ಎಂತ ಇದು?" ಎಂದರು ಪ್ರಿನ್ಸಿಪಾಲರು ಬಹಳ ಮೆಲ್ಲಗೆ.

"ಬಿರುಕು, ಸರ್," ಎಂದ ಸುಧಾಕರ.

ಹೊರಗೆ ಜೀಪು ನಿಂತ ಸದ್ದಾಯಿತು. ಸಾಲಿಹಾ ಮೇಡಂ ಹತ್ತು ಗಂಟೆಗೇ ಬಂದಿದ್ದರು. ಒಳಗೆ ಬಂದು, ಬಿದ್ದ ಕಲ್ಲುಗಳನ್ನು ದಾಟಿ, ತೂತಿನ ಮುಂದೆ ನಿಂತರು. ಕಡತ ಬಿಡಿಸಿ ವರದಿ ತೆಗೆದು ಓದಿದರು. "ಪ್ರಾಂಶುಪಾಲರ ಕೊಠಡಿಯ ಬೆಳಕು ಕಾಣುತ್ತಿದೆ. ಸರಿ ಉಂಟು. ಆದರೆ ನೀವು ಎರಡು ಇಂಚು ಅಂತ ಬರೆದಿದ್ದೀರಿ. ಇದು ಎರಡು ಅಡಿ."

ಮೇಸ್ತ್ರಿ ಉಳಿಯನ್ನು ಬೆನ್ನ ಹಿಂದೆ ಹಿಡಿದುಕೊಂಡ. ಪ್ರಿನ್ಸಿಪಾಲರು ತೂತಿನೊಳಗಿಂದ ಸುಧಾಕರನ ಕಡೆ ನೋಡಿ, ಕಣ್ಣಿನಲ್ಲೇ ಏನಾದರೂ ಹೇಳು ಎಂದರು. ಹೇಳಲು ಸುಧಾಕರನ ಬಳಿ ಒಂದು ಸುಳ್ಳು ತಯಾರಾಗಿಯೂ ಇತ್ತು. ರಿಪೇರಿ ಆದ ಮೇಲೆ ಮತ್ತೊಂದು ಸಣ್ಣ ಕಂಪನ ಬಂತು ಎಂದು. ಅದನ್ನು ಹೇಳಲು ಬಾಯಿ ತೆರೆದ. ಆಗ ಅವನಿಗೆ ದಮ್ಮಾಮಿನ ಮುನವ್ವರ್ ಅತ್ತದ್ದು ಕಿವಿಯಲ್ಲಿ ಕೇಳಿಸಿತು. ಇನ್ನೊಂದು ಭೂಕಂಪಕ್ಕೆ ಅವನಿಗೆ ಧೈರ್ಯ ಸಾಲಲಿಲ್ಲ.

"ಮೇಡಂ, ಭೂಕಂಪ ಆಗಲಿಲ್ಲ. ಬಿರುಕು ಇರಲಿಲ್ಲ. ಗ್ಯಾಸ್ ಸೋರಲಿಲ್ಲ. ಅದು ಅಣಕು ಕಾರ್ಯಾಚರಣೆ. ಅಣಕು ಅನ್ನುವ ಶಬ್ದ ಕಾಗದದಲ್ಲಿ ಚೆಂದ ಕಾಣುದಿಲ್ಲ ಅಂತ ಹನ್ನೊಂದು ಕಡೆ ಕಡಿದು ಹಾಕಿದ್ದು ನಾನು. ಸರ್ ನನ್ನ ಮೇಲೆ ನಂಬಿಕೆ ಇಟ್ಟು ಸಹಿ ಹಾಕಿದ್ದು. ಈ ತೂತು ಈಗ ಕಾಲು ಗಂಟೆಯ ಮೊದಲು ಆದದ್ದು, ಇಲ್ಲದ ಬಿರುಕನ್ನು ಮುಚ್ಚಲಿಕ್ಕೆ ಹೋಗಿ. ಮಾಡುದಾದ್ರೆ ನನ್ನ ಮೇಲೆ ಕ್ರಮ ಮಾಡಿ. ಮಕ್ಕಳ ಪರೀಕ್ಷೆ ಮಾತ್ರ ಇಲ್ಲೇ ಆಗ್ಲಿ."

ಒಂದೇ ಉಸಿರಿಗೆ ಹೇಳಿ ಮುಗಿಸಿ ಅವನು ಕುಳಿತುಕೊಂಡ. ಕುಳಿತದ್ದು ಬಿದ್ದ ಕಲ್ಲಿನ ಮೇಲೆ ಎಂದು ಆಮೇಲೆ ಗೊತ್ತಾಯಿತು.

ಸಾಲಿಹಾ ಕಡತ ಮುಚ್ಚಿದರು. "ಭೂಕಂಪ ಆಗಲಿಲ್ಲ ಅಂತ ನನಗೆ ಗೊತ್ತಿಲ್ವಾ? ಪಾಣೆಮಂಗಳೂರು ಇಲ್ಲಿಂದ ಎಷ್ಟು ದೂರ? ಅವತ್ತು ಹತ್ತೂವರೆಗೆ ನಾನು ಚಾ ಕುಡಿತಾ ಇದ್ದೆ. ಒಂದು ಹನಿ ಚೆಲ್ಲಲಿಲ್ಲ."

"ಮತ್ತೆ ಮೊನ್ನೆ ಯಾಕೆ ಹೇಳಲಿಲ್ಲ ಮೇಡಂ?"

"ನಾನು ಹೇಳಿದ್ರೆ ನಿಮ್ಮ ವರದಿ ಸುಳ್ಳು ಅಂತ ಬರೀಬೇಕು. ಆಗ ನಿಮ್ಮ, ಪ್ರಿನ್ಸಿಪಾಲರ ಇಬ್ಬರ ಕೆಲಸಕ್ಕೂ ತೊಂದರೆ. ನೀವೇ ಹೇಳಿದ್ರೆ ತಪ್ಪಾಯ್ತು ಅಂತ ಮುಗೀತದೆ. ಕೇಳಿದೆ ಅಲ್ವಾ, ಬೇರೆ ಎಂತಾದ್ರೂ ಹೇಳ್ಲಿಕ್ಕೆ ಉಂಟಾ ಅಂತ."

ಅಲ್ಲೇ ಗ್ರಂಥಾಲಯದ ಮೇಜಿನ ಮೇಲೆ ಸುಧಾಕರ ಕಾಗದ ಬರೆದ. ಅವನ ಜೀವಮಾನದ ಅತಿ ಚಿಕ್ಕ ಕಾಗದ ಅದು. 'ದಿನಾಂಕ 17ರಂದು ನಮ್ಮ ಕಾಲೇಜಿನಲ್ಲಿ ಭೂಕಂಪ ಆಗಿರುವುದಿಲ್ಲ. ಆಗಿದೆ ಎಂದು ತಪ್ಪಾಗಿ ಬರೆದವನು ನಾನು.' ಪ್ರಿನ್ಸಿಪಾಲರು ಅದನ್ನು ತೂತಿನ ಆಚೆಗೆ ತೆಗೆದುಕೊಂಡು, ಕನ್ನಡಕ ಒರೆಸಿ, ಎರಡು ಸಲ ಓದಿ ಸಹಿ ಹಾಕಿದರು.

ಸಾಲಿಹಾ ಹೊರಡುವ ಮೊದಲು, ಬಂದದ್ದು ಬಂದಾಯಿತು, ಒಮ್ಮೆ ಎಲ್ಲವನ್ನೂ ನಿಜವಾಗಿ ನೋಡುವ ಎಂದರು. ಸುಧಾಕರ ಜೊತೆಗೆ ನಡೆದ. ಈ ಸಲ ಹೆಲ್ಮೆಟ್ ಇರಲಿಲ್ಲ. ತರಗತಿಗಳು ಗಟ್ಟಿ ಇದ್ದವು. ಕ್ಯಾಂಟೀನು ಗಟ್ಟಿ ಇತ್ತು. ಹಿಂದಿನ ಅಂಗಳದ ನೀರಿನ ಟ್ಯಾಂಕಿನ ಹತ್ತಿರ ಅವರು ನಿಂತರು. ನಾಲ್ಕು ಕಂಬದ ಮೇಲೆ ನಿಂತ ಕಾಂಕ್ರೀಟಿನ ಟ್ಯಾಂಕು, ಅದರ ಬುಡದಲ್ಲಿ ನಳ್ಳಿ. ಹುಡುಗಿಯರು ಬಾಟಲಿ ತುಂಬಿಸಲು ಸಾಲು ನಿಲ್ಲುವುದು ಅಲ್ಲಿಯೇ. ಸಾಲಿಹಾ ಕಂಬವನ್ನು ಕೀಲಿಕೈಯಿಂದ ಕೆರೆದರು. ಕಾಂಕ್ರೀಟು ಬಿಸ್ಕತ್ತಿನ ಹಾಗೆ ಉದುರಿತು. ಒಳಗೆ ತುಕ್ಕು ತಿಂದು ಪೆನ್ಸಿಲಿನಷ್ಟು ತೆಳ್ಳಗಾದ ಕಬ್ಬಿಣ.

"ಇದರ ಬುಡದಲ್ಲಿ ಯಾರೂ ನಿಲ್ಲಬಾರದು," ಎಂದರು ಸಾಲಿಹಾ. "ಇದಕ್ಕೆ ಬರೆಯಿರಿ ಒಂದು ವರದಿ. ಇದ್ದದ್ದನ್ನು ಮಾತ್ರ ಬರೆಯಿರಿ. ನಾನೂ ಮೇಲೆ ಬರೀತೇನೆ."

ಸೋಮವಾರ ಕರೆಂಟು ಬಂತು. ಉಮ್ಮರಾಕನ ಸಿಲಿಂಡರುಗಳೂ ಬಂದವು. ಪರೀಕ್ಷೆ ಬೊಳ್ಳಪದವಿನಲ್ಲಿಯೇ ನಡೆಯುತ್ತದೆಂದು ಮಾರ್ಚ್ ಮೊದಲ ವಾರ ಕಾಗದ ಬಂತು. ಗೋಡೆಯ ತೂತನ್ನು ಮುಚ್ಚಿಸುವ ಬದಲು ಪ್ರಿನ್ಸಿಪಾಲರು ಅದಕ್ಕೆ ಒಂದು ಕಿಟಕಿ ಇಡಿಸಿದರು. ಗ್ರಂಥಾಲಯದ ಕಡೆಯಿಂದ ಗಾಳಿ ಚೆನ್ನಾಗಿ ಬರುತ್ತಿತ್ತು.

ಟ್ಯಾಂಕಿನ ವರದಿಯನ್ನು ಸುಧಾಕರ ಭೂಕಂಪದ ವರದಿಗಿಂತ ಎರಡು ಪಟ್ಟು ಶ್ರದ್ಧೆಯಿಂದ ಬರೆದಿದ್ದ. ಕಂಬದ ಅಳತೆ ಹಾಕಿದ, ಉದುರಿದ ಕಾಂಕ್ರೀಟಿನ ಫೋಟೋ ತೆಗೆಸಿದ. ಆಡಳಿತ ಮಂಡಳಿಗೂ ಎಲ್ಲೆಲ್ಲಿಗೆ ಕಳಿಸಬೇಕೋ ಅಲ್ಲಿಗೂ ಕಳಿಸಿದ. ಮಾರ್ಚ್ ಮುಗಿಯಿತು. ಪರೀಕ್ಷೆ ಆಯಿತು. ಜೂನಿನಲ್ಲಿ ಕಾಲೇಜು ತೆರೆಯಿತು. ಆಗದ ಭೂಕಂಪಕ್ಕೆ ನಾಲ್ಕು ದಿನದಲ್ಲಿ ಏಣಿ, ಜೀಪು, ಗ್ಯಾಸಿನ ಲಾರಿ ಎಲ್ಲವೂ ಬಂದಿದ್ದವು. ಇರುವ ಟ್ಯಾಂಕಿಗೆ ಒಂದು ಕಾರ್ಡು ಸಹ ಬರಲಿಲ್ಲ. ಸುಧಾಕರ ಫೋನು ಮಾಡಿದಾಗಲೆಲ್ಲ ಸಾಲಿಹಾ ಮೇಡಂ, "ಕಡತ ಮೇಲೆ ಉಂಟು ಅಂತಾರೆ," ಎನ್ನುತ್ತಿದ್ದರು.

ಸುಧಾಕರ ಮೂರು ಸಲ ಟ್ಯಾಂಕಿನ ಸುತ್ತ ಹಗ್ಗ ಕಟ್ಟಿದ. ಮೂರು ಸಲವೂ ಮಕ್ಕಳು ಅದರ ಅಡಿಯಿಂದ ನುಸುಳಿ ನೀರು ಹಿಡಿದರು. ಆಮೇಲೆ ಅವನು ಉಮ್ಮರಾಕನ ಕ್ಯಾಂಟೀನಿನ ಬಾವಿಯಿಂದ ಎರಡು ದೊಡ್ಡ ಡ್ರಮ್ಮು ತುಂಬಿಸಿ ಜಗಲಿಯಲ್ಲಿ ಇಡಿಸಿದ. ಬಿಡುವಿನ ಹೊತ್ತಿನಲ್ಲಿ ತಾನೇ ಹೋಗಿ ಟ್ಯಾಂಕಿನ ಮುಂದೆ ನಿಂತು, ಬಂದವರನ್ನು ಡ್ರಮ್ಮಿನ ಕಡೆ ಕಳಿಸತೊಡಗಿದ.

ಜುಲೈಯ ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಅವನು ಕ್ಯಾಂಟೀನಿನಲ್ಲಿ ಚಾ ಕುಡಿಯುತ್ತಿದ್ದ. ಹೊರಗೆ ಮಳೆ ಹನಿಯುತ್ತಿತ್ತು. ಉಮ್ಮರಾಕ ಗೋಳಿಬಜೆಯ ತಟ್ಟೆ ಅವನ ಮುಂದೆ ಇಟ್ಟು ಎದುರಿಗೆ ಕುಳಿತರು.

"ಟ್ಯಾಂಕಿನದ್ದು ಎಂತ ಆಯ್ತು ಸುಧಾಕರಣ್ಣ?"

"ಎಂತದ್ದೂ ಆಗಲಿಲ್ಲ. ನಿಜ ಬರೆದರೆ ಯಾರೂ ಬರುದಿಲ್ಲ."

ಉಮ್ಮರಾಕ ಆಚೆ ಈಚೆ ನೋಡಿ ದನಿ ತಗ್ಗಿಸಿದರು. "ಹಾಗಾದ್ರೆ ಇನ್ನೊಂದು ಭೂಕಂಪ ಬರೆಯಿರಿ. ದೊಡ್ಡದು ಬೇಡ, ಸಣ್ಣದು ಸಾಕು. ಬೇಕಾದ್ರೆ ಉಮ್ಮ ಪುನಃ ಸಿಕ್ಕಿಬೀಳ್ತಾರೆ."

ಒಳಗಿನಿಂದ ನಫೀಸಮ್ಮ, "ನನಗೆ ತೊಂದರೆ ಇಲ್ಲ," ಎಂದರು.

ಸುಧಾಕರ ಆ ಪ್ರಸ್ತಾಪವನ್ನು ನಿಜವಾಗಿಯೂ ಯೋಚಿಸಿದ. ಚಾ ಮುಗಿಯುವ ತನಕ ಯೋಚಿಸಿದ. ಆಮೇಲೆ ಗಡಿಯಾರ ನೋಡಿ, ಕೊಡೆ ಬಿಡಿಸಿ ಎದ್ದ. ಬಿಡುವಿನ ಗಂಟೆಗೆ ಎರಡು ನಿಮಿಷವಿತ್ತು. ಮಕ್ಕಳು ಬರುವ ಮೊದಲು ಅವನು ಟ್ಯಾಂಕಿನ ಹತ್ತಿರ ಹೋಗಿ ನಿಲ್ಲಬೇಕಾಗಿತ್ತು.